ಪೊರೆ ಉಳಿದ ಚುಕ್ಕಿ

ಹೊಳಲು, 17 ಡಿಸೆಂಬರ್ 1944, ಭಾನುವಾರ

ಪ್ರತಿ ಹಳ್ಳಿಯಲ್ಲೂ ಜನಕ್ಕೆ ತಿಳಿವಳಿಕೆಯ ಉಪನ್ಯಾಸ ಕೊಡಿಸಬೇಕೆಂದು ಮೈಸೂರಿನ ಸಮಿತಿಯವರು ಶಾಲೆಗೆ ಕಾಗದ ಬರೆದಿದ್ದಾರೆ. ಹೆಡ್‌ಮಾಸ್ತರು ಸೊಳ್ಳೆ ಮತ್ತು ಮಲೇರಿಯಾವನ್ನು ತಾವೇ ಇಟ್ಟುಕೊಂಡರು. ಗೊಬ್ಬರದ ಗುಂಡಿ ಎರಡನೆಯ ಮೇಷ್ಟರಿಗೆ ಹೋಯಿತು. ಪಟ್ಟಿಯಲ್ಲಿ ಉಳಿದದ್ದು ‘ನಕ್ಷತ್ರ ಗ್ರಹಗಳು ಹುಟ್ಟುವ ಬಗೆ’. “ಇಂಟರ್‌ಮೀಡಿಯೆಟ್‌ನಲ್ಲಿ ಸೈನ್ಸ್ ಓದಿದವರು ನೀವೊಬ್ಬರೇ ಅಲ್ಲವೇ ಯಶೋದಮ್ಮನವರೇ” ಎಂದು ಅದನ್ನು ನನ್ನ ಕುತ್ತಿಗೆಗೆ ಕಟ್ಟಿ ನಕ್ಕರು. ನಗಲಿ. ಫೆಬ್ರವರಿ ಹತ್ತಕ್ಕೆ ಇಡೀ ಊರು ಬಾಯಿ ಬಿಟ್ಟುಕೊಂಡು ಕೂರುವಂತೆ ಮಾತಾಡುತ್ತೇನೆ.

ಟಿಪ್ಪಣಿಗೆಂದು ಹೊಸ ನೋಟ್‌ಬುಕ್ಕು ತೆಗೆದೆ. ಈ ದಿನಚರಿಯನ್ನು ಅದರ ಹಿಂದಿನ ಪುಟಗಳಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಹೇಳಿಕೊಳ್ಳುವುದಕ್ಕೆ ಯಾರೂ ಇಲ್ಲ. ಅಪ್ಪನ ತಂಗಿ ಚಲುವಮ್ಮತ್ತೆಗೆ ಒಂದು ಮಾತು ಹೇಳಿದರೆ ಅದು ಹೊತ್ತು ಮುಳುಗುವುದರೊಳಗೆ ಬಾವಿಕಟ್ಟೆ ಮುಟ್ಟಿರುತ್ತದೆ. ಅಪ್ಪನಿಗೇ ಹೇಳೋಣವೆಂದರೆ ಹೇಳಬೇಕಾದದ್ದೇ ಅಪ್ಪನ ವಿಷಯ.

ಅಪ್ಪನ ಬಲಗಣ್ಣು ಹೋದ ವರ್ಷವೇ ಹೋಯಿತು. ಈಗ ಎಡಗಣ್ಣಿಗೂ ಪೊರೆ. ದೀಪಾವಳಿಯಲ್ಲಿ ಮೈಸೂರಿಗೆ ಕರೆದುಕೊಂಡು ಹೋದಾಗ ಡಾಕ್ಟರು ಸ್ಪಷ್ಟವಾಗಿ ಹೇಳಿದರು: ಶಿವರಾತ್ರಿಯೊಳಗೆ ಆಪರೇಷನ್ ಆಗಬೇಕು, ಅದಕ್ಕಿಂತ ತಡವಾದರೆ ಈ ಕಣ್ಣೂ ಉಳಿಯುವುದಿಲ್ಲ. ಅಪ್ಪನದು ಮಾತ್ರ ಒಂದೇ ಮಾತು: “ಆಲೆ ಮುಗೀಲಿ, ಆಮೇಕೆ ನೋಡಾನ ಬುಡು.” ನಮ್ಮ ಆಲೆಮನೆಯಲ್ಲಿ ಬೆಲ್ಲದ ಕೆಲಸ ಮುಗಿಯುವುದು ಯುಗಾದಿಗೆ. ಶಿವರಾತ್ರಿ ಅದಕ್ಕಿಂತ ತಿಂಗಳು ಮೊದಲೇ ಬರುತ್ತದೆ ಎನ್ನುವುದು ಅವನಿಗೆ ತಿಳಿಯದ್ದಲ್ಲ.

24 ಡಿಸೆಂಬರ್, ಭಾನುವಾರ

ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟರು ಹಿಂದೆ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕ ತೆಗೆದು ಓದಿದೆ. ಎಂಥ ಕಥೆ! ಬಹಳ ಹಿಂದೆ, ಎಲ್ಲಿಂದಲೋ ಬಂದ ಒಂದು ನಕ್ಷತ್ರ ಸೂರ್ಯನ ಪಕ್ಕದಲ್ಲೇ ಹಾದುಹೋಯಿತಂತೆ. ಅದರ ಸೆಳೆತಕ್ಕೆ ಸೂರ್ಯನ ಮೈಯಿಂದ ಕುದಿಯುವ ಅನಿಲ ಉದ್ದಕ್ಕೆ ಚಾಚಿಕೊಂಡು, ತುಂಡಾಗಿ, ಆ ತುಂಡುಗಳೇ ಉಂಡೆ ಕಟ್ಟಿ ಭೂಮಿ, ಮಂಗಳ, ಗುರು ಎಲ್ಲ ಆದವು.

ಸಂಜೆ ಆಲೆಮನೆಗೆ ಹೋಗಿ ಅಪ್ಪನ ಮುಂದೆ ಒಂದು ಸಲ ಹೇಳಿ ನೋಡಿದೆ. ಅವನು ಕೊಪ್ಪರಿಗೆಯ ಪಕ್ಕದ ಕಲ್ಲಿನ ಮೇಲೆ ಕೂತಿದ್ದ. ಪಾಕದ ಹದ ನೋಡುವುದರಲ್ಲಿ ನಮ್ಮಪ್ಪ ಅಂಕಯ್ಯನನ್ನು ಬಿಟ್ಟರಿಲ್ಲ ಎಂದು ಸುತ್ತಲ ಊರವರೂ ಒಪ್ಪುತ್ತಾರೆ. ಈಗ ಕಣ್ಣಿನಲ್ಲಿ ನೋಡುವುದನ್ನು ಬಿಟ್ಟು ಗುಳ್ಳೆಯ ಸದ್ದು ಕೇಳಿ, ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಹಾಕಿಸಿ, ಬೆರಳಲ್ಲಿ ಉರುಳಿಸಿ ಹೇಳುತ್ತಾನೆ.

ಎಲ್ಲ ಕೇಳಿ, “ಆ ಸೂರ್ಯನಿಂದ ಕಿತ್ಕಂಡು ಬಂದದ್ದು ಎಷ್ಟು ಬಿಸಿ ಇದ್ದಾತು?” ಎಂದ.

“ನಮ್ಮ ಕೊಪ್ಪರಿಗೆ ಅದರ ಮುಂದೆ ತಣ್ಣೀರು.”

“ಅಂಗಾದ್ರೆ ಉಂಡೆ ಕಟ್ಟಾಕಿಲ್ಲ ಬುಡವ್ವ. ಕುದಿಯೋ ಪಾಕ ಚೆಲ್ಲುದ್ರೆ ಚದುರಿ ಓಯ್ತದೆ. ಉಂಡೆ ಆಗ್ಬೇಕಾದ್ರೆ ಆರ್ಬೇಕು. ಆರೋಗಂಟ ಅದನ್ನ ಇಡ್ಕೊಂಡು ಕೂತ್ಕಳೋರು ಯಾರು ಅಲ್ಲಿ?”

“ಇದನ್ನ ಬರೆದವರು ಇಂಗ್ಲೆಂಡಿನ ದೊಡ್ಡ ವಿದ್ವಾಂಸರು ಕಣಪ್ಪ.”

“ಇರ್ಲಿ. ಬೆಲ್ಲ ಕಾಯಿಸಿಲ್ವಲ್ಲ.”

ಒಲೆಗೆ ಸಿಪ್ಪೆ ತಳ್ಳುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. ನನಗೆ ಮೈ ಉರಿದುಹೋಯಿತು. ಹೇಳಿದ್ದನ್ನು ಹೇಳಿದಂತೆ ಒಪ್ಪಿಕೊಳ್ಳುವ ಜಾಯಮಾನವೇ ಅಲ್ಲ ಈ ಮನುಷ್ಯನದು. ಮನೆಗೆ ಬಂದು ಉಪನ್ಯಾಸದ ಮೊದಲ ಎರಡು ಪುಟ ಬರೆದೆ.

2 ಜನವರಿ 1945

ದೀಪ ಹಚ್ಚುವ ಹೊತ್ತಿನಲ್ಲಿ ಅಪ್ಪ ಅಂಗಳದಲ್ಲಿ ನಿಂತು, “ಚಲುವಿ, ಮೂರು ಚುಕ್ಕಿ ಮೇಲಕ್ಕೆ ಬಂದವಾ?” ಎಂದು ಕೇಳಿದ. ಮೃಗಶಿರದ ಆ ಮೂರು ಚುಕ್ಕಿಯ ಸಾಲು ನೋಡಿಯೇ ಅವನು ಕೊನೆಯ ಕೊಪ್ಪರಿಗೆಗೆ ಬೆಂಕಿ ಹಾಕಿಸುತ್ತಿದ್ದದ್ದು. ನನಗೇ ಅವುಗಳನ್ನು ತೋರಿಸಿದವನು ಅವನು. ಈಗ ಸುಮ್ಮನೆ ಮಾತಿಗೆ ಕೇಳಿದವನಂತೆ ಕೇಳಿ ತಿಳಿದುಕೊಳ್ಳುತ್ತಾನೆ.

ಹತ್ತಿರ ಹೋಗಿ ಕೇಳಿದೆ. ಲಾಟೀನು ಹೇಗೆ ಕಾಣುತ್ತದೆ? “ಅರಳೆ ಉಂಡೆ ಇದ್ದಂಗೆ” ಎಂದ. ನನ್ನ ಮುಖ? “ಗೊತ್ತಾಯ್ತದೆ, ದನಿಯಿಂದ.”

“ಶಿವರಾತ್ರಿಯೊಳಗೆ ಹೋಗಿಬಿಡೋಣ ಅಪ್ಪ. ಏನೂ ಆಗುವುದಿಲ್ಲ. ನಾನು ಹೇಳ್ತಿದ್ದೀನಲ್ಲ, ಕಣ್ಣು ಖಂಡಿತ ಬರುತ್ತೆ.”

ಅತ್ತೆ ಒಳಗಿನಿಂದ ಒಂದು ಮಾತು ಅಂದಳು. ಅದನ್ನು ಇಲ್ಲಿ ಬರೆಯುವುದಿಲ್ಲ.

15 ಜನವರಿ

ನಿನ್ನೆ ಸಂಕ್ರಾಂತಿ. ಎಳ್ಳು ಬೀರಲು ಹೋದಲ್ಲೆಲ್ಲ ಅಪ್ಪನ ಕಣ್ಣಿನ ವಿಚಾರವೇ. ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತೇನೆ. ಅತ್ತೆ ಅಂದದ್ದು ಇಷ್ಟು: “ಬಲಗಣ್ಣಿಗೂ ಇಂಗೇ ಅಂದಿದ್ದೆ ಕಣಮ್ಮ ನೀನು.”

ನಿಜ. ಬಲಗಣ್ಣಿಗೆ ಪೊರೆ ಬಂದಾಗ ಯಾವುದೋ ಆರೋಗ್ಯದ ಪುಸ್ತಕ ಓದಿ, ಪೊರೆ ಪೂರ್ತಿ ಬಲಿಯುವ ತನಕ ಮುಟ್ಟುವಂತಿಲ್ಲ ಎಂದು ಹೇಳಿದವಳು ನಾನು. ಅಪ್ಪನಿಗೆ ಆ ಮಾತು ತಟ್ಟನೆ ಹಿಡಿಸಿತು. ಹದ ಬರುವ ಮೊದಲು ಕೊಪ್ಪರಿಗೆ ಇಳಿಸಬಾರದು ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದವನು ಅವನು. ಕನ್ನಡಿಯಲ್ಲಿ ನೋಡಿಕೊಂಡು “ಇನ್ನೂವೆ ಅದ ಬಂದಿಲ್ಲ ಕಣವ್ವ” ಅನ್ನುತ್ತಿದ್ದ. ನಾನು ಇಣುಕಿ ನೋಡಿ, ಹೌದು, ಇನ್ನೊಂದು ಆಲೆ ಹೋಗಲಿ ಎನ್ನುತ್ತಿದ್ದೆ. ಡಾಕ್ಟರಿಗೆ ತೋರಿಸದೆ ಇಬ್ಬರೂ ಸೇರಿ ಕಣ್ಣಿಗೆ ಬೆಲ್ಲದ ಹದ ನೋಡಿದೆವು. ಕೊನೆಗೆ ಕಣ್ಣು ಕೆಂಡದಂತಾಗಿ, ನೋವು ತಡೆಯಲಾರದೆ ತಲೆ ಗೋಡೆಗೆ ಚಚ್ಚಿಕೊಳ್ಳುವಂತಾದಾಗ ಮೈಸೂರಿಗೆ ಓಡಿದೆವು. ಪೊರೆ ಒಡೆದು ಎರಡು ವಾರವಾಗಿದೆ, ಬಲಿತದ್ದನ್ನು ಇಷ್ಟು ದಿನ ಯಾಕೆ ಇಟ್ಟುಕೊಂಡಿರಿ ಎಂದರು ಡಾಕ್ಟರು.

ಅಪ್ಪ ಇವತ್ತಿನವರೆಗೆ ನನ್ನನ್ನು ಒಂದು ಮಾತು ಅಂದಿಲ್ಲ. ಅಂದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ.

20 ಜನವರಿ

ಉಪನ್ಯಾಸ ಮೂರನೆಯ ಪುಟದಲ್ಲೇ ನಿಂತಿದೆ. ಅಪ್ಪನ ಪ್ರಶ್ನೆ ಹಲ್ಲಿಗೆ ಸಿಕ್ಕಿದ ಕಬ್ಬಿನ ನಾರಿನ ಹಾಗೆ ಕಾಡುತ್ತಿದೆ. ಕಾಲೇಜಿನ ಮೇಷ್ಟರಿಗೆ ಕಾಗದ ಹಾಕಿದೆ. ಪ್ರಶ್ನೆ ನನ್ನದೇ ಎಂಬಂತೆ ಬರೆದೆ.

29 ಜನವರಿ, ಸೋಮವಾರ

ಮೇಷ್ಟರ ಉತ್ತರ ಬಂತು. “ಒಳ್ಳೆಯ ಪ್ರಶ್ನೆ ಕೇಳಿದ್ದೀಯೆ. ಆ ಪುಸ್ತಕದ ಮಾತು ಈಗ ನಡೆಯುತ್ತಿಲ್ಲ. ಸೂರ್ಯನಿಂದ ಕಿತ್ತು ಬಂದ ಅನಿಲ ಅಷ್ಟು ಬಿಸಿಯಿದ್ದರೆ ಆರುವ ಮೊದಲೇ ಚದುರಿಹೋಗುತ್ತದೆ, ಗ್ರಹವಾಗಿ ಕೂಡಿಕೊಳ್ಳುವುದಿಲ್ಲ ಎಂದು ಐದಾರು ವರ್ಷದ ಹಿಂದೆ ಒಬ್ಬರು ಗಣಿತ ಮಾಡಿ ತೋರಿಸಿದ್ದಾರೆ. ಸೂರ್ಯನೂ ಗ್ರಹಗಳೂ ಒಂದೇ ತಣ್ಣನೆಯ ಮೋಡದಿಂದ ಕೂಡಿಕೊಂಡವು ಎಂಬ ಹಳೆಯ ವಿಚಾರದ ಕಡೆಗೇ ಕೆಲವರು ಮತ್ತೆ ತಿರುಗುತ್ತಿದ್ದಾರೆ. ಇದೂ ಕೊನೆಯ ಮಾತಲ್ಲ.”

ಕಾಗದವನ್ನು ಎರಡು ಸಲ ಓದಿದೆ. ಅಪ್ಪನಿಗೆ ಹೇಳಬಾರದು ಎಂದುಕೊಂಡೇ ಆಲೆಮನೆಗೆ ಹೋದೆ. ಹೇಳಿಬಿಟ್ಟೆ.

“ಗಣಿತ ಮಾಡ್ದೋನ ಆಲೆಮನೆ ಯಾವೂರಲ್ಲದೆ?” ಎಂದ ಅಪ್ಪ.

ಎಷ್ಟು ದಿನವಾಗಿತ್ತೋ ನಾವಿಬ್ಬರೂ ಒಟ್ಟಿಗೆ ನಕ್ಕು. ಬರೆದಿದ್ದ ಮೂರು ಪುಟವನ್ನೂ ಒಲೆಗೆ ಹಾಕಿದೆ.

3 ಫೆಬ್ರವರಿ

ಶಾಲೆ ಮುಗಿಸಿ ನೇರ ಆಲೆಮನೆಗೆ. ಪಾಕ ಆರಿಸುವ ತೊಟ್ಟಿಯ ಪಕ್ಕ ಅಪ್ಪನ ಜೊತೆ ಕೂತೆ. ಮೂವತ್ನಾಲ್ಕು ವರ್ಷ ಈ ಮನೆಯ ಬೆಲ್ಲ ತಿಂದು ಬೆಳೆದಿದ್ದೇನೆ, ಅದು ಹರಳು ಕಟ್ಟುವುದನ್ನು ಇವತ್ತೇ ಸರಿಯಾಗಿ ನೋಡಿದ್ದು. ಮೊದಲು ಎಲ್ಲ ಕಡೆ ಒಂದೇ ಸಮನೆ ಇರುತ್ತದೆ. ಹೊರಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಅಪ್ಪ ಮರದ ಸೌಟಿನಿಂದ ಮೆಲ್ಲಗೆ ಸುತ್ತುತ್ತಾ, ನಡುನಡುವೆ ಅಂಚಿನ ಪಾಕವನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ನೋಡುತ್ತಿದ್ದ.

“ಬಂತು” ಎಂದ.

“ಎಲ್ಲಿ? ನನಗೇನೂ ಕಾಣಲ್ಲ.”

“ಕಣ್ಣಿಗೆ ಕಾಣಾದು ಆಮೇಕೆ. ಬೆರಳು ಕೊಡಿಲ್ಲಿ.”

ನಿಜವಾಗಿಯೂ ನುಣುಪಾದ ಪಾಕದೊಳಗೆ ಒಂದೇ ಒಂದು ಮರಳಿನ ಕಣದಂಥದು ಸಿಕ್ಕಿತು. “ಒಂದು ಬಂದ್ರೆ ಸಾಕು ಕಣವ್ವ. ಅದರ ಸುತ್ತ ಇನ್ನೊಂದು ಕೂತ್ಕತದೆ, ಅದರ ಸುತ್ತ ಮತ್ತೊಂದು” ಎಂದ. ಹೇಳಿ ಮುಗಿಸುವುದರೊಳಗೆ ಅಂಚೆಲ್ಲ ಬಣ್ಣ ತಿರುಗಿತು.

ಇವತ್ತು ಬರೆದದ್ದು ಏಳು ಪುಟ.

6 ಫೆಬ್ರವರಿ

ಅಪ್ಪ ಕೈ ಸುಟ್ಟುಕೊಂಡ. ಕಲ್ಲು ಎಂದು ಊರಿದ್ದು ಕೊಪ್ಪರಿಗೆಯ ಅಂಚು. ಅಂಗೈ ಪೂರ್ತಿ ಬೊಬ್ಬೆ. ಕೊಬ್ಬರಿ ಎಣ್ಣೆ ಹಚ್ಚುತ್ತಾ, ಈಗಲಾದರೂ ಮೈಸೂರಿಗೆ ಹೋಗೋಣ, ಏನೂ ಆಗುವುದಿಲ್ಲ ಎಂದೆ. ಮುಖ ತಿರುಗಿಸಿಕೊಂಡ.

10 ಫೆಬ್ರವರಿ, ಶನಿವಾರ

ಉಪನ್ಯಾಸ ಮುಗಿಯಿತು. ಶಾಲೆಯಲ್ಲಿ ಇಟ್ಟರೆ ಆಲೆಯ ಕಾಲದಲ್ಲಿ ಬೆಂಚುಗಳೇ ಕೇಳಬೇಕಾಗುತ್ತದೆ ಎಂದು ನಾನೇ ಹೆಡ್‌ಮಾಸ್ತರಿಗೆ ಹೇಳಿ ನಮ್ಮ ಆಲೆಮನೆಯ ಮುಂದೆ ಇಡಿಸಿದೆ. ಜನ ಕಬ್ಬಿನ ಸಿಪ್ಪೆಯ ಮೇಲೆ ಕೂತು, ಕೈಯಲ್ಲಿ ಬಿಸಿ ಬೆಲ್ಲ ಹಿಡಿದು ಕೇಳಿದರು. ಅಪ್ಪ ತೊಟ್ಟಿಯ ಪಕ್ಕದಲ್ಲಿ, ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಆಗಷ್ಟೇ ಕತ್ತಲಾಗಿತ್ತು. ಮೂರು ಚುಕ್ಕಿ ತೋರಿಸಿದೆ. ಅದರ ಕೆಳಗೆ ನೇತುಬಿದ್ದಂತೆ ಇನ್ನೂ ಮೂರು ಸಣ್ಣವು. ಆ ಸಣ್ಣವುಗಳಲ್ಲಿ ನಡುವಿನದನ್ನು ಗಮನವಿಟ್ಟು ನೋಡಿದರೆ ಚುಕ್ಕಿಯಂತಿಲ್ಲ, ಸ್ವಲ್ಪ ಮಂಜು ಮಂಜಾಗಿದೆ. ಅದು ಮೋಡ ಎಂದೆ. ಮಳೆಯ ಮೋಡವಲ್ಲ, ಧೂಳು ಮತ್ತು ಅನಿಲದ ಮೋಡ, ನಮ್ಮ ಸೂರ್ಯನಂಥವು ಎಷ್ಟೋ ಆಗುವಷ್ಟು ದೊಡ್ಡದು. ನಮ್ಮ ಸೂರ್ಯನೂ ಮೊದಲು ಇಂಥದೇ ತಣ್ಣನೆಯ ಮೋಡದೊಳಗೆ ಇದ್ದಿರಬೇಕು.

ಆಮೇಲೆ ತೊಟ್ಟಿ ತೋರಿಸಿದೆ. ಎಲ್ಲ ಕಡೆ ಒಂದೇ ಸಮನೆ ಇರುವ ಮಂಜಿನಲ್ಲಿ ಎಲ್ಲೋ ಒಂದು ಕಡೆ ಒಂದು ಚೂರು ದಟ್ಟವಾಗುತ್ತದೆ. ದಟ್ಟವಾದದ್ದು ಸುತ್ತಲಿನದನ್ನು ಎಳೆದುಕೊಳ್ಳುತ್ತದೆ, ಎಳೆದುಕೊಂಡಷ್ಟೂ ಅದರ ಸೆಳೆತ ಹೆಚ್ಚುತ್ತದೆ. ತನ್ನ ಭಾರಕ್ಕೆ ತಾನೇ ಕುಗ್ಗಿ ಕುಗ್ಗಿ ನಡುವೆ ಬಿಸಿಯೇರಿ ಒಂದು ದಿನ ಬೆಳಗುತ್ತದೆ. ಒಂದು ದಿನವೆಂದರೆ ಲಕ್ಷಗಟ್ಟಲೆ ವರ್ಷ. ನಕ್ಷತ್ರಕ್ಕೆ ಸೇರದೆ ಉಳಿದ ಧೂಳು ಅದರ ಸುತ್ತ ತಟ್ಟೆಯಾಕಾರದಲ್ಲಿ ಸುತ್ತುತ್ತಾ, ಕಣಕ್ಕೆ ಕಣ ಅಂಟಿ ಹರಳಾಗಿ, ಹರಳು ಸೇರಿ ಕಲ್ಲಾಗಿ, ಕಲ್ಲು ಸೇರಿ ನಾವು ಕೂತಿರುವ ಈ ನೆಲವಾಯಿತು. ಹೀಗೆಂದು ಈಗ ತಿಳಿದವರು ಕೆಲವರು ಹೇಳುತ್ತಾರೆ ಎಂದೆ. ಜನ ತೊಟ್ಟಿಯನ್ನೂ ಆಕಾಶವನ್ನೂ ಬದಲಿಸಿ ಬದಲಿಸಿ ನೋಡಿದರು.

ಎಲ್ಲ ಸುಸೂತ್ರವಾಗಿ ಮುಗಿಯಿತು ಎನ್ನುವಾಗ ಕೆಳಗಲಬೀದಿಯ ಮುದುಕಿ ಮರಿತಾಯಮ್ಮ ಎದ್ದು ನಿಂತಳು. “ಅಲ್ಲ ಕಣವ್ವ, ಆ ಮಂಜೆಲ್ಲ ಚುಕ್ಕಿ ಆಗೇ ಆಯ್ತದಾ? ಆಗ್ದಲೆ ಅಂಗೇ ಕರಗೋಗೋವೂ ಇರ್ತವಾ?”

ನಾಲಗೆಯ ತುದಿಗೆ ಒಂದು ಚಂದದ ಉತ್ತರ ಬಂದಿತ್ತು. ಪುಸ್ತಕದಲ್ಲಿ ಇಲ್ಲದ್ದು, ಆದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಪ್ಪ ನನ್ನ ಕಡೆಗೆ, ಅಂದರೆ ನನ್ನ ದನಿ ಬರುತ್ತಿದ್ದ ಕಡೆಗೆ, ಮುಖ ಮಾಡಿ ಕೂತಿದ್ದ.

“ನನಗೆ ಗೊತ್ತಿಲ್ಲ ಅಜ್ಜಿ” ಎಂದೆ. “ಓದಿದವರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವು ಕರಗಿಹೋಗಬಹುದು.”

ಹೆಡ್‌ಮಾಸ್ತರು ಕೆಮ್ಮಿದರು. ಮರಿತಾಯಮ್ಮ “ಅಂಗನ್ನು ಮತ್ತೆ” ಎಂದು ಸಮಾಧಾನವಾಗಿ ಕೂತಳು. ಕೊನೆಗೆ ಹೀಗಾಯಿತಲ್ಲ ಎಂದು ನನಗೆ ಸ್ವಲ್ಪ ಬೇಜಾರು.

11 ಫೆಬ್ರವರಿ

ಬೆಳಿಗ್ಗೆ ಅಪ್ಪನ ಕೈಯ ಬಟ್ಟೆ ಬದಲಿಸುತ್ತಿದ್ದೆ.

“ನನ್ ಕಣ್ಣು ಬತ್ತದಾ?” ಎಂದ, ಇದ್ದಕ್ಕಿದ್ದಂತೆ.

ಬರುತ್ತೆ ಎನ್ನಲು ಬಾಯಿ ತೆರೆದೆ. ಯಾಕೋ ಆಗಲಿಲ್ಲ. “ಗೊತ್ತಿಲ್ಲಪ್ಪ. ಬರಬಹುದು, ಹೋಗಲೂಬಹುದು. ಹೀಗೇ ಬಿಟ್ಟರೆ ಹೋಗೋದು ಮಾತ್ರ ಖಂಡಿತ ಅಂತ ಡಾಕ್ಟರು ಹೇಳವ್ರೆ. ನನಗೂ ಭಯ ಆಗ್ತದೆ.”

ಅಪ್ಪ ಬಾಗಿಲಿನ ಬೆಳಕಿನ ಕಡೆಗೆ ಕಣ್ಣು ಕಿರಿದು ಮಾಡಿದ. “ಇನ್ನೂವೆ ಮಬ್ಬುಗಾದ್ರೂ ಬೆಳಕದೆ. ಕುಯ್ದು ಅದೂ ಓಗ್ಬುಟ್ರೆ ಅಂತ ನಂಗೂ ಎದ್ರಿಕೆ ಕಣವ್ವ. ಏನೂ ಆಗಾಕಿಲ್ಲ ಅಂತ ನೀನು ಅಂದಾಗಲೆಲ್ಲ ಇನ್ನೂ ಎದ್ರಿಕೆ ಆಗದು.” ಆಮೇಲೆ, “ರೈಲು ಯಾವತ್ತಿಗೆ?” ಎಂದ.

ಆಲೆ ಮುಗಿಯುವ ಮೊದಲೇ ಬೆಂಕಿ ಆರಿಸಲು ಹೇಳಿಕಳಿಸಿದ್ದಾನೆ. ಇಷ್ಟು ದಿನ ಧೈರ್ಯ ಹೇಳಿದರೆ ಒಪ್ಪದವನು ಭಯ ಅಂದಮೇಲೆ ಒಪ್ಪಿಕೊಂಡ. ಅಪ್ಪನ ತಲೆ ಹೇಗೆ ಓಡುತ್ತದೋ ನನಗೆ ಅರ್ಥವಾಗುವುದಿಲ್ಲ.

ಮೈಸೂರು, 22 ಫೆಬ್ರವರಿ

ಆಪರೇಷನ್ ಆಯಿತು. ಕಾಲು ಗಂಟೆಯೂ ಹಿಡಿಯಲಿಲ್ಲ. ನಾನು ಹೊರಗೆ ಕೂತು ಮೋಡ, ಹರಳು, ಕಲ್ಲು ಎಂದು ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡೆ.

25 ಫೆಬ್ರವರಿ

ಎರಡು ಕಣ್ಣಿಗೂ ಪಟ್ಟಿ. ತಲೆಯ ಎರಡೂ ಕಡೆ ಮರಳಿನ ಚೀಲ. ಕೆಮ್ಮಬಾರದು, ಹೊರಳಬಾರದು. ಹೊಲ ತಿರುಗುವ ಮನುಷ್ಯ ಹಲಗೆಯಂತೆ ಮಲಗಿದ್ದಾನೆ. ಗಂಜಿ ಕುಡಿಸುವಾಗ ತಾನಾಗಿಯೇ ಅಂದ:

“ಬಲಗಣ್ಣನ್ನ ನೀನೊಬ್ಳೇ ಕಳೀಲಿಲ್ಲ ಕಣವ್ವ. ಪಾಕದ ಅದ ನೋಡೋನು ನಾನು ತಾನೆ? ನಂಗೂ ತಿಳೀಲಿಲ್ಲ.”

ಗಂಜಿಯ ಲೋಟ ಕೆಳಗಿಟ್ಟು ಹೊರಗೆ ಹೋಗಿ ಅತ್ತು ಬಂದೆ. ಅಳುವಿನ ಸದ್ದು ಕೇಳಿಸಿರಬೇಕು. ಬಂದಾಗ, “ಆ ಮೋಡದ ಕತೆ ಇನ್ನೊಂದು ಸಲ ಏಳು” ಎಂದ. ಪಕ್ಕದ ಮಂಚದ ಮಳವಳ್ಳಿಯವರೂ ಕೇಳಿಸಿಕೊಂಡರು.

4 ಮಾರ್ಚ್

ಪಟ್ಟಿ ಬಿಚ್ಚಿದರು. ಡಾಕ್ಟರು ಬೆರಳು ತೋರಿಸಿದರು. “ಮೂರು” ಎಂದ. ಮೂರೇ. ಆದರೆ ಎಲ್ಲ ನೀರೊಳಗೆ ಇದ್ದ ಹಾಗೆ ಕಾಣುತ್ತದಂತೆ. ಆಪರೇಷನ್ ಆಗಿ ಒಂದೂವರೆ ತಿಂಗಳಿಗೆ ಕನ್ನಡಕ ಕೊಡುತ್ತಾರಂತೆ, ಎಷ್ಟು ಕಾಣುತ್ತದೆಂದು ಆಗಲೇ ತಿಳಿಯುವುದು. ಕಾಯಬೇಕು.

ಹೊಳಲು, 10 ಏಪ್ರಿಲ್

ಕನ್ನಡಕ ಬಂತು. ಗಾಜು ಶೀಸೆಯ ತಳದಷ್ಟು ದಪ್ಪ. ಹಾಕಿಕೊಂಡು ಮೊದಲು ಅತ್ತೆಯನ್ನು ನೋಡಿ ನಕ್ಕ. ಆಮೇಲೆ ನನ್ನನ್ನು ನೋಡಿ, “ಕಿವಿ ಪಕ್ಕದಾಗೆ ಕೂದಲು ನೆರೆತದಲ್ಲ ಮಗ” ಎಂದು ಮುಟ್ಟಿ ನೋಡಿದ. ಬೇವಿನ ಚಿಗುರನ್ನು ಎಲೆ ಎಲೆಯಾಗಿ ಎಣಿಸಿದ. ಸುಟ್ಟ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ನನಗೆ ಸಂತೋಷಕ್ಕೆ ಅನ್ನ ಸೇರಲಿಲ್ಲ.

12 ಏಪ್ರಿಲ್

ಅಪ್ಪ ಎರಡು ದಿನದಿಂದ ಮಂಕಾಗಿದ್ದಾನೆ. ಸಂಜೆ ಅಂಗಳಕ್ಕೆ ಹೋಗಿ ಮೇಲೆ ನೋಡುತ್ತಾನೆ, ಕನ್ನಡಕ ಒರೆಸುತ್ತಾನೆ, ಮತ್ತೆ ನೋಡುತ್ತಾನೆ, ಒಳಗೆ ಬಂದು ಮಲಗುತ್ತಾನೆ. ನೋವಾ ಎಂದರೆ ಇಲ್ಲ. ಬಲಗಣ್ಣಿನ ಕಾಲದಲ್ಲೂ ಇಲ್ಲ ಎಂದೇ ಅನ್ನುತ್ತಿದ್ದ.

14 ಏಪ್ರಿಲ್, ಶನಿವಾರ

ನಿನ್ನೆ ಯುಗಾದಿಯ ಚಂದ್ರ ಊರಿನಲ್ಲಿ ಒಬ್ಬರಿಗೂ ಕಾಣಲಿಲ್ಲ. ಇವತ್ತು ಹೊಸತೊಡಕಿನ ಊಟ ಮುಗಿಸಿ ಸಂಜೆ ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ಅಂಗಳಗಳಲ್ಲಿ ನಿಂತಿದ್ದೆವು. “ಅಗೋ!” ಎಂದು ಮೊದಲು ಕೂಗಿದವನು ಅಪ್ಪ. ಉಗುರಿನ ಗೀರಿನಷ್ಟು ಚಂದ್ರ. ಹೋದ ವರ್ಷ ಏನೂ ಕಾಣದೆ ಸುಮ್ಮನೆ ಕೈಮುಗಿದಿದ್ದ, ಈ ವರ್ಷ ಊರಿಗೇ ತೋರಿಸಿದ. ಚಂದ್ರನನ್ನು ನೋಡಿದ ಮೇಲೆ ಹಿರಿಯರಿಗೆ ಅಡ್ಡಬೀಳಬೇಕು. ನಾನು ಅಪ್ಪನ ಕಾಲು ಮುಟ್ಟಿ ಎದ್ದೆ. ಅವನು ಆಶೀರ್ವಾದ ಮಾಡದೆ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದ.

“ಒಂದು ಮಾತು. ನಿಮ್ಮತ್ತೆಗೆ ಏಳ್ಬ್ಯಾಡ. ಕಣ್ಣಲ್ಲಿ ಪೊರೆ ಒಂಚೂರು ಉಳಿದ್ಬುಟ್ಟದೆ ಕಣವ್ವ.”

“ಎಲ್ಲಪ್ಪ? ಏನು ಕಾಣಲ್ಲ?”

“ಎಲ್ಲಾ ಕಾಣ್ತದೆ. ಚುಕ್ಕಿಗಳು ಮುಳ್ಳಿನ ಮೊನೆ ಇದ್ದಂಗೆ ಅವೆ. ಆದ್ರೆ ಅಲ್ನೋಡು, ಮೂರು ಚುಕ್ಕಿ. ಅದರ ಮಗ್ಗುಲಾಗೆ ಸಣ್ಣವು ಮೂರು. ಅದ್ರಾಗೆ ನಡುಮಧ್ಯದ್ದು ಮಾತ್ರ ಮೊದಲಿನಂಗೇ ಮಂಜು. ನಾಕು ದಿನದಿಂದ ಕನ್ನಡಕ ಒರೆಸಿ ಒರೆಸಿ ನೋಡ್ದೆ, ಓಗ್ನೇ ಇಲ್ಲ. ನಿಂಗೆ ಏಳೋಕೆ ಬಾಯಿ ಬರ್ಲಿಲ್ಲ.”

ನಾನು ಅವನು ತೋರಿಸಿದ ಕಡೆ ನೋಡಿದೆ. ನನ್ನ ಕಣ್ಣಲ್ಲಿ ನೀರು ತುಂಬಿ ಆಕಾಶವೆಲ್ಲ ಮಂಜಾಯಿತು. ಒರೆಸಿಕೊಂಡು ನೋಡಬೇಕಾಯಿತು.

“ಅಪ್ಪ, ಅದು ನಿನ್ನ ಕಣ್ಣಲ್ಲ. ಅದು ಇರೋದೇ ಹಂಗೆ. ಅವತ್ತು ನಾನು ಹೇಳಿದ ಮೋಡ ಅದೇ.”

“ಅದೇಯಾ?”

“ಅದೇ. ನನಗೂ ಮಂಜಾಗೇ ಕಾಣ್ತದೆ.”

ಅಪ್ಪ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಬಹಳ ಹೊತ್ತು ನೋಡಿದ. ಅವನ ಹೆಗಲು ಸಡಿಲವಾದದ್ದು ಅಲ್ಲಿಟ್ಟಿದ್ದ ನನ್ನ ಕೈಗೆ ತಿಳಿಯಿತು.

“ಅಂಗಾದ್ರೆ ಆ ಪಾಕಕ್ಕಿನ್ನೂ ಅದ ಬಂದಿಲ್ಲ” ಎಂದ. “ಬತ್ತದಾ?”

“ಗೊತ್ತಿಲ್ಲಪ್ಪ.”

“ಸರಿ ಬುಡು” ಎಂದು ನನ್ನ ತಲೆಯ ಮೇಲೆ ಸುಟ್ಟ ಕೈಯನ್ನು ಇಟ್ಟ. ಆಶೀರ್ವಾದಕ್ಕೆಂದೇ ಇಟ್ಟದ್ದು. ಆಮೇಲೆ ಅತ್ತೆಯನ್ನು ಕೂಗಿ ಕರೆದು, ಬೆರಳು ಚಾಚಿ ಆ ಚುಕ್ಕಿಯನ್ನು ತೋರಿಸಲು ಶುರುಮಾಡಿದ.